ಬಿ.ಎಡ್.ಗೆ ಎಷ್ಟು ಸಾಲ ಮಾಡಬಹುದು?

ಡಿಗ್ರಿ ಫಲಿತಾಂಶ ಬಂದ ವಾರದಿಂದಲೇ ಮನೆಯಲ್ಲಿ ಮಾತು ಶುರುವಾಗುತ್ತದೆ. ‘ಒಂದು ಬಿ.ಎಡ್. ಮಾಡಿಟ್ಟುಕೊಂಡರೆ ಯಾವತ್ತಿದ್ದರೂ ಉಪಯೋಗಕ್ಕೆ ಬರುತ್ತೆ’ ಎಂದು ಚಿಕ್ಕಪ್ಪ ಹೇಳುತ್ತಾರೆ. ಹಿಂದಿನ ಬೀದಿಯ ಹುಡುಗನಿಗೆ ಮೇಷ್ಟ್ರ ಕೆಲಸ ಸಿಕ್ಕಿದ್ದು, ಅವನ ಸಂಬಳ ಇಷ್ಟಂತೆ ಎಂಬ ಸುದ್ದಿಯೂ ಅಷ್ಟರಲ್ಲಿ ಬಂದಿರುತ್ತದೆ. ಆ ಅಂಕಿಯನ್ನು ಹನ್ನೆರಡರಿಂದ ಗುಣಿಸಿ, ‘ಎರಡು ಲಕ್ಷ ಸಾಲ ಏನು ಮಹಾ, ವರ್ಷದೊಳಗೆ ತೀರಿಸಬಹುದು’ ಎಂದುಕೊಂಡು ಕಾಲೇಜಿಗೆ ಅಡ್ವಾನ್ಸ್ ಕಟ್ಟಿಬಿಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ.

ಬಿ.ಎಡ್. ಮಾಡಬೇಡಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ಮೇಷ್ಟ್ರಾಗಬೇಕೆಂಬ ಆಸೆ ನಿಜವಾಗಿ ಇರುವವರು ಮಾಡಲೇಬೇಕು. ಆದರೆ ಸಾಲದ ಲೆಕ್ಕ ಹಾಕುವಾಗ ಎದುರಿಗೆ ಇಟ್ಟುಕೊಳ್ಳಬೇಕಾದ ಸಂಬಳ ಸರ್ಕಾರಿ ಕೆಲಸದ್ದಲ್ಲ. ಅದು ಸಿಗುವ ತನಕ ಮಧ್ಯದಲ್ಲಿ ಸಿಗುವ ಸಂಬಳ. ಕಂತು ಶುರುವಾಗುವುದು ಆ ಮಧ್ಯದ ವರ್ಷಗಳಲ್ಲೇ.

ಒಂದೇ ಪದವಿ, ಮೂರು ಸಂಬಳ

ಬಿ.ಎಡ್. ಮುಗಿಸಿದವರ ಮುಂದೆ ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ. ಮೊದಲನೆಯದು ಎಲ್ಲರೂ ಕನಸು ಕಾಣುವ ಸರ್ಕಾರಿ ಹುದ್ದೆ. 7ನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ, 6ರಿಂದ 8ನೇ ತರಗತಿಗೆ ಪಾಠ ಮಾಡುವ ಪದವೀಧರ ಪ್ರಾಥಮಿಕ ಶಿಕ್ಷಕರ, ಅಂದರೆ ಜಿಪಿಟಿಗಳ, ಆರಂಭದ ಮೂಲ ವೇತನ 44,425 ರೂಪಾಯಿ. ಪ್ರೌಢಶಾಲೆಯ ಸಹ ಶಿಕ್ಷಕರದು 54,175. ಇದರ ಮೇಲೆ ತುಟ್ಟಿಭತ್ಯೆ ಬರುತ್ತದೆ. ಊರಿಗೆ ತಕ್ಕಂತೆ ಮೂಲ ವೇತನದ ಶೇ 7.5, 15 ಅಥವಾ 20ರಷ್ಟು ಮನೆಬಾಡಿಗೆ ಭತ್ಯೆಯೂ ಸೇರುತ್ತದೆ. ಹೊಸಬರಿಗೆ ಎನ್‌ಪಿಎಸ್ ಪಿಂಚಣಿ ಯೋಜನೆಗೆಂದು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಡಿತವಾಗುತ್ತದೆ. ಕೇಂದ್ರೀಯ ವಿದ್ಯಾಲಯದ ಟಿಜಿಟಿ ಹುದ್ದೆಗೆ ಮೂಲ ವೇತನ 44,900. ಈ ಸಂಬಳದಲ್ಲಿ ಎರಡು ಲಕ್ಷದ ಸಾಲ ನಿಜಕ್ಕೂ ದೊಡ್ಡದಲ್ಲ.

ಎರಡನೆಯದು ಅತಿಥಿ ಶಿಕ್ಷಕರ ಕೆಲಸ. ಅದೇ ಸರ್ಕಾರಿ ಶಾಲೆ, ಅದೇ ತರಗತಿ, ಅದೇ ಪಠ್ಯಪುಸ್ತಕ. ಗೌರವಧನ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000, ಪ್ರೌಢಶಾಲೆಯಲ್ಲಿ 10,500 ಇತ್ತು. 2025-26ರ ಬಜೆಟ್ಟಿನಲ್ಲಿ ತಲಾ 2,000 ಏರಿಸಿದ ಮೇಲೆ 12,000 ಮತ್ತು 12,500 ಆಯಿತು. ಬೇಸಿಗೆ ರಜೆಯ ತಿಂಗಳುಗಳಿಗೆ ಇದೂ ಇಲ್ಲ. ಹಾಗಾಗಿ ಪ್ರೌಢಶಾಲೆಯ ಅತಿಥಿ ಶಿಕ್ಷಕರಿಗೆ ಹತ್ತು ತಿಂಗಳು ಪೂರ್ತಿ ಸಿಕ್ಕಿತು ಎಂದೇ ಇಟ್ಟುಕೊಂಡರೂ ವರ್ಷಕ್ಕೆ 1,25,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,400ರ ಆಸುಪಾಸು. ಅದೂ ಪ್ರತಿ ತಿಂಗಳ ಒಂದನೇ ತಾರೀಖಿಗೆ ಬರುವುದಿಲ್ಲ. ಅನುದಾನ ಬಿಡುಗಡೆಯಾದಾಗ ಎರಡು ಮೂರು ತಿಂಗಳದು ಒಟ್ಟಿಗೆ ಖಾತೆಗೆ ಬೀಳುವುದುಂಟು. ಬ್ಯಾಂಕಿನ ಕಂತು ಮಾತ್ರ ತಾರೀಖು ತಪ್ಪುವುದಿಲ್ಲ.

ಮೂರನೆಯದು ಅನುದಾನರಹಿತ ಖಾಸಗಿ ಶಾಲೆ. ಇಲ್ಲಿ ಒಂದೇ ದರ ಎಂಬುದಿಲ್ಲ. ಹೋಬಳಿ ಊರಿನ ಶಾಲೆಗೂ ಬೆಂಗಳೂರಿನ ಸಿಬಿಎಸ್‌ಇ ಶಾಲೆಗೂ ಅಜಗಜಾಂತರ. ಸಮಾಜ ವಿಜ್ಞಾನದವರಿಗಿಂತ ಗಣಿತ, ಭೌತಶಾಸ್ತ್ರ, ಇಂಗ್ಲಿಷ್‌ನವರಿಗೆ ಚೌಕಾಸಿ ಮಾಡಲು ಸ್ವಲ್ಪ ಜಾಗ ಸಿಗುತ್ತದೆ. ನಿಮ್ಮ ತಾಲ್ಲೂಕಿನ ದರ ಯಾವ ಜಾಲತಾಣದಲ್ಲೂ ಸಿಗದು. ಎರಡು ವರ್ಷದ ಹಿಂದೆ ಬಿ.ಎಡ್. ಮುಗಿಸಿದ ನಾಲ್ಕೈದು ಮಂದಿಯನ್ನು ಹುಡುಕಿ, ಈಗ ಎಲ್ಲಿದ್ದಾರೆ, ಕೈಗೆ ಎಷ್ಟು ಬರುತ್ತದೆ, ಏಪ್ರಿಲ್-ಮೇ ತಿಂಗಳಿಗೆ ಕೊಡುತ್ತಾರೋ ಇಲ್ಲವೋ ಎಂದು ಕೇಳಿ. ಸೇರಬೇಕೆಂದಿರುವ ಕಾಲೇಜಿನಿಂದಲೇ ಅಂಥವರ ಫೋನ್ ನಂಬರ್ ಕೇಳಬಹುದು. ಕೊಡಲು ಹಿಂದೆಮುಂದೆ ನೋಡುವ ಕಾಲೇಜಿನ ಬಗ್ಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಮಧ್ಯದ ವರ್ಷಗಳು ಎಷ್ಟು?

ಸರ್ಕಾರಿ ನೇಮಕಾತಿ ವರ್ಷ ವರ್ಷ ಆಗುವುದಿಲ್ಲ. ಇತ್ತೀಚಿನ ದೊಡ್ಡ ನೇಮಕಾತಿಯನ್ನೇ ನೋಡಿ. 15,000 ಜಿಪಿಟಿ ಹುದ್ದೆಗಳಿಗೆ 2022ರ ಮೇ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಹೆಣ್ಣುಮಕ್ಕಳು ಜಾತಿ-ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲೋ ಎಂಬ ತಕರಾರು ಹೈಕೋರ್ಟ್ ಹತ್ತಿತು. ಆಯ್ಕೆಯಾದವರು ಶಾಲೆಗೆ ಹೋಗಿ ಹಾಜರಿ ಹಾಕುವಷ್ಟರಲ್ಲಿ 2023ರ ಕೊನೆ ಬಂದಿತ್ತು. ಆಯ್ಕೆ ಪಟ್ಟಿಯೂ 15,000 ತುಂಬಲಿಲ್ಲ. ಹುದ್ದೆ ಇದ್ದರೂ ಅರ್ಹರು ಸಾಕಷ್ಟು ಸಿಗಲಿಲ್ಲ. ಆಮೇಲೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸಬಾರದು ಎಂದು ರಾಜ್ಯ ಸರ್ಕಾರ 2024ರ ಅಕ್ಟೋಬರ್ ಕೊನೆಯಲ್ಲಿ ನಿರ್ಧರಿಸಿತು. ಒಳಮೀಸಲಾತಿಯ ಸೂತ್ರಕ್ಕೆ ಸಂಪುಟ ಒಪ್ಪಿದ್ದು 2025ರ ಆಗಸ್ಟಿನಲ್ಲಿ. ಇವೆಲ್ಲ ಅಭ್ಯರ್ಥಿಯ ತಪ್ಪಲ್ಲ, ಆದರೆ ಆ ತಿಂಗಳುಗಳ ಬಡ್ಡಿಯನ್ನು ಕಟ್ಟುವವರು ಅಭ್ಯರ್ಥಿಯೇ.

ಹಾಗಾಗಿ ಬಿ.ಎಡ್. ಮುಗಿದ ಮೇಲೆ ಕನಿಷ್ಠ ಮೂರ್ನಾಲ್ಕು ವರ್ಷ ಅತಿಥಿ ಶಿಕ್ಷಕರ ಅಥವಾ ಖಾಸಗಿ ಶಾಲೆಯ ಸಂಬಳದಲ್ಲೇ ಕಳೆಯಬೇಕಾಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಮುಂಚೆ ಸಿಕ್ಕಿದರೆ ಸಂತೋಷ, ಮಿಕ್ಕ ಸಾಲವನ್ನು ಒಂದೇ ಸಲ ಚುಕ್ತಾ ಮಾಡಿಬಿಡಬಹುದು.

ಕಾಯುವ ಕಾಲವನ್ನು ಕಡಿಮೆ ಮಾಡಲು ಅಭ್ಯರ್ಥಿಯ ಕೈಯಲ್ಲಿ ಇರುವುದು ಒಂದೇ, ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 1ರಿಂದ 5ನೇ ತರಗತಿಗೆ ಪತ್ರಿಕೆ 1, 6ರಿಂದ 8ಕ್ಕೆ ಪತ್ರಿಕೆ 2. ಒಟ್ಟು 150 ಅಂಕಕ್ಕೆ ಸಾಮಾನ್ಯ ವರ್ಗದವರು 90 ತೆಗೆದರೆ ಅರ್ಹರು. ಮೊದಲು ಈ ಪ್ರಮಾಣಪತ್ರಕ್ಕೆ ಏಳು ವರ್ಷದ ಆಯಸ್ಸು ಇತ್ತು, 2021ರಿಂದ ಜೀವಮಾನ ಪೂರ್ತಿ ನಡೆಯುತ್ತದೆ. ಬಿ.ಎಡ್. ಓದುತ್ತಿರುವಾಗಲೇ ಬರೆಯಲು ಅವಕಾಶ ಇರುವುದರಿಂದ ಎರಡನೇ ವರ್ಷದಲ್ಲೇ ಮುಗಿಸಿಕೊಳ್ಳುವುದು ಜಾಣತನ. ಈಗ ಸೇವೆಯಲ್ಲಿರುವ ಶಿಕ್ಷಕರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇದ್ದರೆ, ಎರಡು ವರ್ಷದೊಳಗೆ ಟಿಇಟಿ ಪಾಸು ಮಾಡಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ಹೇಳಿದೆ. ಟಿಇಟಿ ಇಲ್ಲದ ಬಿ.ಎಡ್. ಸರ್ಟಿಫಿಕೇಟಿಗೆ ಇನ್ನು ಮುಂದೆ ಎಷ್ಟು ಬೆಲೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಬಹಳ ಮನೆಗಳಲ್ಲಿ ಈಗಲೂ ಗೊಂದಲವಿದೆ. 1ರಿಂದ 5ನೇ ತರಗತಿಯ ಮೇಷ್ಟ್ರಾಗಲು ಬಿ.ಎಡ್. ಅರ್ಹತೆಯಲ್ಲ ಎಂದು 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅದಕ್ಕೆ ಬೇಕಾದದ್ದು ಡಿ.ಎಲ್‌.ಇಡಿ. ಚಿಕ್ಕ ಮಕ್ಕಳಿಗೇ ಪಾಠ ಮಾಡಬೇಕೆಂಬ ಆಸೆ ಇರುವವರು ಪಿಯುಸಿ ಆದ ಮೇಲೆ ಎರಡು ವರ್ಷದಲ್ಲಿ ಮುಗಿಯುವ ಆ ದಾರಿಯನ್ನು ಬಿಟ್ಟು, ಡಿಗ್ರಿ ಮೂರು ವರ್ಷ, ಬಿ.ಎಡ್. ಎರಡು ವರ್ಷ ಎಂದು ಐದು ವರ್ಷ ಖರ್ಚು ಮಾಡಿದರೆ ಹೋದ ಹಣವೂ ಬರದು, ಹೋದ ಕಾಲವೂ ಬರದು.

ಕಾಗದ, ಪೆನ್ನು ತೆಗೆದುಕೊಳ್ಳಿ

ಈಗ ಸಾಲಕ್ಕೆ ಬರೋಣ. ಎರಡು ವರ್ಷದ ಕೋರ್ಸಿಗೆ ವರ್ಷಕ್ಕೆ ಒಂದು ಲಕ್ಷದಂತೆ ಎರಡು ಲಕ್ಷ ಶಿಕ್ಷಣ ಸಾಲ ಪಡೆದಿರಿ, ಬಡ್ಡಿ ಶೇ 10.5 ಎಂದಿಟ್ಟುಕೊಳ್ಳೋಣ. ಬ್ಯಾಂಕುಗಳು ಸಾಮಾನ್ಯವಾಗಿ ಕೋರ್ಸಿನ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಕೇಳುವುದಿಲ್ಲ. ಕಂತು ಕೇಳುವುದಿಲ್ಲ ನಿಜ, ಬಡ್ಡಿ ನಿಲ್ಲುವುದಿಲ್ಲ. ಮೊದಲ ಲಕ್ಷಕ್ಕೆ ಮೂರು ವರ್ಷದ ಸರಳ ಬಡ್ಡಿ 31,500, ಎರಡನೇ ಲಕ್ಷಕ್ಕೆ ಎರಡು ವರ್ಷದ್ದು 21,000. ಮೊದಲ ಕಂತು ಕಟ್ಟುವ ದಿನ ನಿಮ್ಮ ಸಾಲ 2,52,500 ಆಗಿರುತ್ತದೆ.

ಇದನ್ನು ಏಳು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 4,257. ಒಟ್ಟು ಕಟ್ಟುವುದು ಮೂರೂವರೆ ಲಕ್ಷ ದಾಟುತ್ತದೆ. ಐದು ವರ್ಷಕ್ಕಾದರೆ ಕಂತು 5,427. ಹತ್ತು ವರ್ಷಕ್ಕೆ ಎಳೆದರೆ 3,407ಕ್ಕೆ ಇಳಿಯುತ್ತದೆ, ಆದರೆ ಒಟ್ಟು ನಾಲ್ಕು ಲಕ್ಷದ ಮೇಲಾಗುತ್ತದೆ.

ಜಿಪಿಟಿ ಸಂಬಳದವರಿಗೆ 4,257 ಹೊರೆಯಲ್ಲ. ತಿಂಗಳಿಗೆ ಸರಾಸರಿ 10,400 ಸಿಗುವ ಅತಿಥಿ ಶಿಕ್ಷಕಿಗೆ ಅದು ಆದಾಯದ ಸುಮಾರು ಶೇ 41. ಮಿಕ್ಕ ಆರು ಸಾವಿರ ಚಿಲ್ಲರೆಯಲ್ಲಿ ಊಟ, ಬಟ್ಟೆ, ಫೋನ್ ರೀಚಾರ್ಜ್, ಟಿಇಟಿ ಕೋಚಿಂಗ್ ಪುಸ್ತಕ, ಅಮ್ಮನ ಬಿಪಿ ಮಾತ್ರೆ. ಆಗದ ಮಾತು. ಆಗದಿದ್ದಾಗ ಕಂತು ಕಟ್ಟುವವರು ಅಪ್ಪ. ಅಪ್ಪನ ಹತ್ತಿರವೂ ಇಲ್ಲದಿದ್ದಾಗ ಇನ್ನೊಂದು ಕಡೆ ಕೈಸಾಲ.

ಹಾಗಾದರೆ ಎಷ್ಟು ಸಾಲ ಮಾಡಬಹುದು? ನನ್ನ ಅಳತೆ ಹೀಗಿದೆ: ಮಧ್ಯದ ವರ್ಷಗಳ ಆದಾಯದಲ್ಲಿ ಐದನೇ ಒಂದು ಭಾಗಕ್ಕಿಂತ ಕಂತು ದೊಡ್ಡದಾಗಬಾರದು. 10,400ರಲ್ಲಿ ಐದನೇ ಒಂದು ಎಂದರೆ ಎರಡು ಸಾವಿರ ಚಿಲ್ಲರೆ. ಅದೇ ಬಡ್ಡಿ, ಅದೇ ಏಳು ವರ್ಷ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ, ಓದುವಾಗ ಪಡೆಯಬಹುದಾದ ಸಾಲ ಎರಡೂ ವರ್ಷಕ್ಕೆ ಸೇರಿ ಹೆಚ್ಚೆಂದರೆ 95,000. ಪಟ್ಟಣದ ಖಾಸಗಿ ಶಾಲೆಯಲ್ಲಿ ಹನ್ನೆರಡೂ ತಿಂಗಳು 18,000 ಸಿಗುವುದು ಖಾತ್ರಿ, ಮನೆಯಿಂದಲೇ ಓಡಾಡುತ್ತೀರಿ ಎಂದಾದರೆ ಈ ಮಿತಿ 1,70,000ದವರೆಗೆ ಹೋಗಬಹುದು. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಡಬೇಕಾದವರು ಬಾಡಿಗೆ ಕಳೆದು ಉಳಿದದ್ದನ್ನೇ ಆದಾಯ ಎಂದುಕೊಳ್ಳಬೇಕು.

ಈ ಮಿತಿ ಬಿಗಿಯಾಯಿತು ಎಂದು ಅನ್ನಿಸಬಹುದು. ಮೂವತ್ತು ವರ್ಷದ ಸೇವೆಯ ಒಟ್ಟು ಸಂಬಳ ಮುಂದಿಟ್ಟು ಲೆಕ್ಕ ಹಾಕುವವರು ಹತ್ತು ಲಕ್ಷ ಸಾಲವನ್ನೂ ಸರಿ ಎನ್ನಬಲ್ಲರು. ಆದರೆ ಕಂತು ತಪ್ಪುವುದು ಮೂವತ್ತನೇ ವರ್ಷದಲ್ಲಲ್ಲ, ಮೊದಲ ಮೂರು ವರ್ಷದಲ್ಲಿ.

ಓದುವಾಗಲೇ ತಿಂಗಳ ಬಡ್ಡಿ ಕಟ್ಟಿಕೊಂಡು ಹೋದರೆ ಸಾಲ ಬೆಳೆಯುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ 875, ಆಮೇಲೆ 1,750. ಹೀಗೆ ಮಾಡಿದವರ ಕಂತು ಏಳು ವರ್ಷಕ್ಕೆ 4,257ರ ಬದಲು 3,372 ಆಗುತ್ತದೆ. ಈ ಅವಧಿಯಲ್ಲಿ ಬಡ್ಡಿ ಕಟ್ಟುವವರಿಗೆ ಹಲವು ಬ್ಯಾಂಕುಗಳು ಶೇ 1ರಷ್ಟು ಬಡ್ಡಿ ರಿಯಾಯಿತಿಯನ್ನೂ ಕೊಡುತ್ತವೆ. ಹಾಲು ಮಾರುವ ಮನೆಯಲ್ಲಿ ಡೇರಿ ಬಟವಾಡೆಯ ದಿನ 875 ತೆಗೆದಿಡುವುದು ಕಷ್ಟವಾಗಲಾರದು.

ಫೀಸಿನ ಆಚೆಗಿನ ಖರ್ಚು

ಕಾಲೇಜಿನವರು ಹೇಳುವ ಫೀಸು ಖರ್ಚಿನ ಒಂದು ಭಾಗ ಮಾತ್ರ. ಬಿ.ಎಡ್. ಮಾಡಿದವರ ಮನೆಯ ಅಟ್ಟ ಹತ್ತಿ ನೋಡಿ: ಪಾಠಯೋಜನೆಯ ದಪ್ಪ ದಪ್ಪ ರೆಕಾರ್ಡ್ ಪುಸ್ತಕಗಳು, ಸುರುಳಿ ಸುತ್ತಿದ ಚಾರ್ಟುಗಳು, ಥರ್ಮೊಕೋಲಿನ ಜ್ವಾಲಾಮುಖಿ. ಇದರ ಜತೆ ಸಮವಸ್ತ್ರದ ಸೀರೆ ಅಥವಾ ಬ್ಲೇಜರ್, ಪೌರತ್ವ ತರಬೇತಿ ಶಿಬಿರ, ಶೈಕ್ಷಣಿಕ ಪ್ರವಾಸ, ಪರೀಕ್ಷಾ ಶುಲ್ಕ. ರೆಕಾರ್ಡುಗಳನ್ನು ದುಡ್ಡು ಕೊಟ್ಟು ಬರೆಸುವ ದಂಧೆಯೂ ಇದೆ. ಅದರಿಂದ ದೂರವಿದ್ದರೆ ಖರ್ಚೂ ಉಳಿಯುತ್ತದೆ, ನಾಳೆ ತರಗತಿಯಲ್ಲಿ ನಿಲ್ಲುವ ಧೈರ್ಯವೂ ಬರುತ್ತದೆ.

ಇದಕ್ಕಿಂತ ದೊಡ್ಡದು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ್ದು, ಆ ಎರಡು ವರ್ಷ ದುಡಿಯದೆ ಇರುವುದರ ನಷ್ಟ. 2015ಕ್ಕೆ ಮುಂಚೆ ಬಿ.ಎಡ್. ಒಂದೇ ವರ್ಷದ ಕೋರ್ಸು. ಹಿರಿಯರ ಸಲಹೆಯಲ್ಲಿ ಈಗಲೂ ಆ ಒಂದು ವರ್ಷದ ನೆನಪೇ ಇರುತ್ತದೆ. ಈಗ ಎರಡು ವರ್ಷ, ಅದರಲ್ಲಿ 20 ವಾರ ಶಾಲೆಯಲ್ಲಿ ಇಂಟರ್ನ್‌ಶಿಪ್. ಡಿಗ್ರಿ ಆದವನು ಅಂಗಡಿಯಲ್ಲೋ ಕಚೇರಿಯಲ್ಲೋ ತಿಂಗಳಿಗೆ 14,000 ದುಡಿಯುತ್ತಿದ್ದ ಎಂದಾದರೆ ಎರಡು ವರ್ಷಕ್ಕೆ 3,36,000 ಕೈಬಿಟ್ಟುಹೋಯಿತು. ಕೆಲಸ ಇಲ್ಲದವರಿಗೆ ಸಿಗುವ ಯುವನಿಧಿ ತಿಂಗಳಿಗೆ 3,000, ಗರಿಷ್ಠ ಎರಡು ವರ್ಷ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅದೂ ಇಲ್ಲ. ಬಿ.ಎಡ್.ನ ನಿಜವಾದ ಬೆಲೆ ಎಂದರೆ ಫೀಸು, ಈ ನಷ್ಟ, ಬಡ್ಡಿ ಮೂರೂ ಸೇರಿದ್ದು.

ಈ ನಷ್ಟ ತಪ್ಪಿಸಲು ‘ನಾನ್ ಅಟೆಂಡಿಂಗ್’ ಎಂಬ ಉಪಾಯ ಹೇಳುವವರು ಪ್ರತಿ ಊರಲ್ಲೂ ಸಿಗುತ್ತಾರೆ. ದುಡ್ಡು ಹೆಚ್ಚು ಕೊಡಿ, ಕಾಲೇಜಿಗೆ ಬರಬೇಕಿಲ್ಲ, ಪರೀಕ್ಷೆಗೆ ಬಂದರೆ ಸಾಕು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ನಿಯಮದಲ್ಲಿ ತರಗತಿಗೆ ಶೇ 80, ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಕಡ್ಡಾಯ. ಅದೇ ಎರಡು ವರ್ಷ ನೀವು ಇನ್ನೆಲ್ಲೋ ಪೂರ್ಣಾವಧಿ ಕೆಲಸ ಮಾಡಿದ್ದಕ್ಕೆ ಪಿಎಫ್ ದಾಖಲೆ ಸಾಕ್ಷಿಯಾಗಿ ನಿಂತರೆ ದಾಖಲಾತಿ ಪರಿಶೀಲನೆಯಲ್ಲಿ ಏನು ಉತ್ತರ ಕೊಡುತ್ತೀರಿ? ದೂರಶಿಕ್ಷಣದ ಬಿ.ಎಡ್. ಕೂಡ ಎಲ್ಲರಿಗೂ ಅಲ್ಲ, ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ.

ಸಾಲ ತರುವ ಮುಂಚೆ ಉಳಿಸುವುದು

ಮೊದಲು ಸರ್ಕಾರಿ ಕೋಟಾದ ಸೀಟಿಗೆ ಅರ್ಜಿ ಹಾಕಿ. ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಪ್ರತಿ ವರ್ಷ ಅರ್ಜಿ ಕರೆಯುತ್ತದೆ. ಡಿಗ್ರಿ ಅಂಕದ ಮೇಲೆ ಮೆರಿಟ್ ಪಟ್ಟಿ, ಮೂಲ ದಾಖಲೆಗಳ ಪರಿಶೀಲನೆಗೆ ಡಯಟ್‌ನಂಥ ನೋಡಲ್ ಕೇಂದ್ರಗಳು. ಸಾಮಾನ್ಯ ವರ್ಗದವರಿಗೆ ಡಿಗ್ರಿಯಲ್ಲಿ ಶೇ 50, ಪರಿಶಿಷ್ಟರಿಗೂ ಪ್ರವರ್ಗ-1ರವರಿಗೂ ಶೇ 45 ಅಂಕ ಬೇಕು. ಖಾಸಗಿ ಕಾಲೇಜುಗಳಲ್ಲೂ ಈ ಕೋಟಾದ ಸೀಟುಗಳಿರುತ್ತವೆ. ಅಧಿಸೂಚನೆ ಬರುವುದು ತಡ ಎಂದು ಹೆದರಿಸಿ, ‘ಸೀಟು ಖಾಲಿಯಾಗುತ್ತೆ, ಇವತ್ತೇ ಕಟ್ಟಿ’ ಎಂದು ಮ್ಯಾನೇಜ್‌ಮೆಂಟ್ ಸೀಟಿಗೆ ತಳ್ಳುವ ಏಜೆಂಟರ ಮಾತು ಕೇಳಬೇಡಿ. ಅವಸರ ಅವರದು.

ಎರಡನೆಯದು ದೂರ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ದಿನಾ ಓಡಾಡುವಷ್ಟು ಹತ್ತಿರದ ತಾಲ್ಲೂಕು ಕೇಂದ್ರದ ಕಾಲೇಜಿಗೂ ಹಾಸ್ಟೆಲ್ ಹಿಡಿಯಬೇಕಾದ ದೂರದ ಕಾಲೇಜಿಗೂ ಇರುವ ವ್ಯತ್ಯಾಸ ಫೀಸಿನ ವ್ಯತ್ಯಾಸಕ್ಕಿಂತ ದೊಡ್ಡದಾಗಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳ ನೆರವು ಇದೆ. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ಮಿತಿ ವರ್ಷಕ್ಕೆ ಎರಡೂವರೆ ಲಕ್ಷ. ಎಲ್ಲದಕ್ಕೂ ಅರ್ಜಿ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೇ. ಆಧಾರ್‌ನಲ್ಲಿರುವ ಹೆಸರಿನ ಇನಿಶಿಯಲ್ ಅಂಕಪಟ್ಟಿಯದಕ್ಕೆ ಹೊಂದದೆ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಎಲ್ಲೆಡೆ ಕೇಳುವ ಗೋಳು. ಸೇರುವ ಮುಂಚೆಯೇ ಸರಿಮಾಡಿಸಿ.

ಪಿಯುಸಿಯಲ್ಲಿರುವಾಗಲೇ ಮೇಷ್ಟ್ರಾಗುವುದು ಎಂದು ನಿಶ್ಚಯಿಸಿದವರಿಗೆ ನಾಲ್ಕು ವರ್ಷದ ಸಂಯೋಜಿತ ಕೋರ್ಸು ಐಟೆಪ್ ಇದೆ. ಪ್ರವೇಶ ಎನ್‌ಸಿಇಟಿ ಪರೀಕ್ಷೆಯ ಮೂಲಕ. ಮೂರು ಮತ್ತು ಎರಡು ಸೇರಿ ಐದು ವರ್ಷ ಆಗುವುದು ನಾಲ್ಕೇ ವರ್ಷಕ್ಕೆ ಮುಗಿಯುತ್ತದೆ. ಒಂದು ವರ್ಷದ ಖರ್ಚು ಉಳಿತಾಯ, ಒಂದು ವರ್ಷ ಮುಂಚೆ ದುಡಿಮೆ. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಆದವರಿಗೆ ಒಂದು ವರ್ಷದ ಬಿ.ಎಡ್. ತರುವ ಕರಡನ್ನು ಎನ್‌ಸಿಟಿಇ 2025ರಲ್ಲಿ ಹೊರಡಿಸಿತು. ಕರಡು ನಂಬಿಕೊಂಡು ಒಂದು ವರ್ಷ ಸುಮ್ಮನೆ ಕೂರುವುದು ಬೇಡ.

ಸಾಲ ಎಲ್ಲಿಂದ?

ನಮ್ಮ ಕಡೆ ಬಿ.ಎಡ್.ಗೆಂದು ಮಾಡುವ ಸಾಲ ಬಹಳ ಸಲ ಶಿಕ್ಷಣ ಸಾಲದ ರೂಪದಲ್ಲಿ ಇರುವುದೇ ಇಲ್ಲ. ಅಮ್ಮನ ಬಳೆ ಬ್ಯಾಂಕಿಗೆ ಹೋಗಿರುತ್ತದೆ, ಸಂಘದಲ್ಲಿ ಅಮ್ಮನ ಹೆಸರಿನಲ್ಲೇ ಸಾಲ ಎತ್ತಿರುತ್ತಾರೆ, ಮಿಕ್ಕದ್ದು ಮಾವನ ಹತ್ತಿರ ಕೈಸಾಲ. ಕಾಗದದ ಮೇಲೆ ವಿದ್ಯಾರ್ಥಿಗೆ ಒಂದು ರೂಪಾಯಿ ಸಾಲವೂ ಇಲ್ಲ. ಇವೆಲ್ಲವನ್ನೂ ಲೆಕ್ಕಕ್ಕೆ ತರದೆ ‘ನಾವು ಸಾಲ ಮಾಡಿಲ್ಲ’ ಎಂದುಕೊಳ್ಳುವುದು ದೊಡ್ಡ ಮೋಸ.

ಚಿನ್ನದ ಸಾಲ ಬೇಗ ಸಿಗುತ್ತದೆ, ಬಡ್ಡಿಯೂ ಕೆಲವೊಮ್ಮೆ ಕಡಿಮೆ. ಆದರೆ ಸಾಮಾನ್ಯವಾಗಿ ಒಂದು ವರ್ಷಕ್ಕೆ ಅಸಲು-ಬಡ್ಡಿ ತೀರಿಸಬೇಕು, ಇಲ್ಲವೇ ಬಡ್ಡಿ ಕಟ್ಟಿ ನವೀಕರಿಸಬೇಕು. ಬಿ.ಎಡ್. ಮುಗಿಯುವ ಮುಂಚೆಯೇ, ದುಡಿಮೆ ಇಲ್ಲದ ಹೊತ್ತಿನಲ್ಲೇ, ನವೀಕರಣದ ಸರದಿ ಬರುತ್ತದೆ. ತಪ್ಪಿದರೆ ಹರಾಜಿನ ನೋಟಿಸು. ಸಂಘದ, ಮೈಕ್ರೊಫೈನಾನ್ಸಿನ ಸಾಲಕ್ಕಂತೂ ವಾರದ ಕಂತು ತಕ್ಷಣವೇ ಶುರು. ಓದು ಮುಗಿಯುವವರೆಗೆ ಕಾಯುವ ಮಾತಿಲ್ಲ. ವಸೂಲಿಯ ಕಿರುಕುಳ ಮಿತಿಮೀರಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಎರಡು ವರ್ಷ ಆದಾಯವೇ ಇಲ್ಲದ ಓದಿಗೆ ವಾರದ ಕಂತಿನ ಸಾಲ ಹೊಂದುವುದೇ ಇಲ್ಲ. ಫೀಸಿಗೆ ಬೇರೆ ದಾರಿಯೇ ಇಲ್ಲ, ಇದೊಂದೇ ಎಂದಾದರೆ ಕೋರ್ಸನ್ನು ಒಂದು ವರ್ಷ ಮುಂದೂಡಿ ದುಡಿದು ಸೇರುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಬ್ಯಾಂಕಿನ ಶಿಕ್ಷಣ ಸಾಲ ನಿಧಾನ, ಓಡಾಟ ಜಾಸ್ತಿ, ಆದರೂ ಮೂರರಲ್ಲಿ ಒಳ್ಳೆಯದು. ನಾಲ್ಕು ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, ನಮ್ಮ ಪಾಲಿನ ಮಾರ್ಜಿನ್ ಹಣವೂ ಬೇಡ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಈ ಸಹಿಯನ್ನು ಹಗುರವಾಗಿ ನೋಡಬೇಡಿ. ಮಗಳ ಕಂತು ತಪ್ಪಿದರೆ ಅಪ್ಪನ ಸಿಬಿಲ್ ಕೆಡುತ್ತದೆ, ಮುಂದಿನ ವರ್ಷ ಅವರು ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.

ಕುಟುಂಬದ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಇರುವವರಿಗೆ, ವೃತ್ತಿಪರ ಕೋರ್ಸಾದರೆ, ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯಿದೆ. ಇಲ್ಲಿ ಕಾಲೇಜಿಗೆ ನ್ಯಾಕ್ ಮಾನ್ಯತೆ ಇದೆಯೇ ಎಂಬುದು ಮುಖ್ಯ. ಸೇರುವ ಮುಂಚೆಯೇ ವಿಚಾರಿಸಿ. ನಿಮ್ಮ ಕಾಲೇಜಿಗೂ ಕೋರ್ಸಿಗೂ ಅನ್ವಯಿಸುತ್ತದೆ ಎಂದು ಬ್ಯಾಂಕಿನವರಿಂದ ಬರಹದಲ್ಲಿ ಪಡೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಆ ಬಡ್ಡಿ 52,500, ಅತಿಥಿ ಶಿಕ್ಷಕಿಯ ನಾಲ್ಕು ತಿಂಗಳ ಗೌರವಧನಕ್ಕಿಂತ ಹೆಚ್ಚು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪ್ರಚಾರ ಜೋರಾಗಿದೆ. ಅದು ದೇಶದ ಆಯ್ದ ಸಂಸ್ಥೆಗಳಿಗೆ ಮಾತ್ರ. ತಾಲ್ಲೂಕು ಕೇಂದ್ರದ ಬಿ.ಎಡ್. ಕಾಲೇಜಿನ ಹೆಸರು ಆ ಪಟ್ಟಿಯಲ್ಲಿ ಇರುವುದು ಅಪರೂಪ, ಮ್ಯಾನೇಜ್‌ಮೆಂಟ್ ಸೀಟಿಗೆ ಅದು ಸಿಗುವುದೂ ಇಲ್ಲ. ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ ಎಂಬ ಮಾತನ್ನು ಮರೆತುಬಿಡಿ. ಅದು ಹಳೆ ತೆರಿಗೆ ಪದ್ಧತಿಯವರಿಗೆ ಮಾತ್ರ. ಅತಿಥಿ ಶಿಕ್ಷಕರಿಗೆ ತೆರಿಗೆ ಕಟ್ಟುವಷ್ಟು ಆದಾಯವೂ ಇರುವುದಿಲ್ಲ.

ಖಾಸಗಿ ಶಾಲೆ ಸೇರುವ ದಿನ

ಮಧ್ಯದ ವರ್ಷಗಳನ್ನು ಖಾಸಗಿ ಶಾಲೆಯಲ್ಲಿ ಕಳೆಯುವವರು ತಿಂಗಳ ಸಂಬಳ ಒಂದನ್ನೇ ಕೇಳಿ ಒಪ್ಪಿಕೊಳ್ಳಬಾರದು. ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆಯೇ, ಪಿಎಫ್ ಕಟ್ಟುತ್ತಾರೆಯೇ, ಬೇಸಿಗೆಯ ಎರಡು ತಿಂಗಳಿಗೆ ಕೊಡುತ್ತಾರೆಯೇ ಎಂದು ನೇಮಕಾತಿ ಪತ್ರದಲ್ಲಿ ನೋಡಿ. ನೇಮಕಾತಿ ಪತ್ರವನ್ನೇ ಕೊಡದ ಶಾಲೆಗಳೂ ಇವೆ. ಒಂದೇ ಶಾಲೆಯಲ್ಲಿ ಐದು ವರ್ಷ ದುಡಿದ ಶಿಕ್ಷಕರಿಗೆ ಗ್ರಾಚ್ಯುಟಿ ಹಕ್ಕು ಇದೆ. 2009ರ ತಿದ್ದುಪಡಿಯಿಂದ ಬಂದ ಈ ಹಕ್ಕನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ. ಮೂಲ ಅಂಕಪಟ್ಟಿಗಳನ್ನು ‘ಇಟ್ಟಿರ್ತೀವಿ, ವರ್ಷದ ಕೊನೆಗೆ ಕೊಡ್ತೀವಿ’ ಎಂದು ಕೇಳಿದರೆ ಜೆರಾಕ್ಸ್ ಕೊಟ್ಟು ಕೈಮುಗಿದು ಬನ್ನಿ. ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬರುವುದು ಶಾಲಾ ವರ್ಷದ ಕೊನೆ ನೋಡಿಕೊಂಡಲ್ಲ. ಖಾಯಂ ಅನುದಾನಿತ ಹುದ್ದೆ ಕೊಡಿಸುತ್ತೇವೆ, ಇಷ್ಟು ಲಕ್ಷ ಕೊಡಿ ಎಂದು ಯಾರಾದರೂ ಬಂದರೆ, ಆ ಹಣಕ್ಕೆ ಮಾಡುವ ಸಾಲದ ಬಗ್ಗೆ ಈ ಲೇಖನದಲ್ಲಿ ಯಾವ ಲೆಕ್ಕವೂ ಇಲ್ಲ; ರಸೀದಿ ಇಲ್ಲದ ಹಣಕ್ಕೆ ಲೆಕ್ಕ ಇರುವುದೂ ಇಲ್ಲ.

ಕಂತು ಶುರುವಾದ ಮೇಲೆ

ಗೌರವಧನ ಗಂಟಾಗಿ ಬರುವವರು ಅದು ಬಿದ್ದ ದಿನವೇ ಮೂರು ಕಂತಿನಷ್ಟು ಹಣವನ್ನು ಸಾಲದ ಖಾತೆಗೆ ಜೋಡಿಸಿರುವ ಉಳಿತಾಯ ಖಾತೆಯಲ್ಲಿ ಬಿಟ್ಟುಬಿಡಿ. ಆ ಖಾತೆಗೆ ಫೋನ್‌ಪೇ, ಗೂಗಲ್‌ಪೇ ಜೋಡಿಸಬೇಡಿ. ಏಪ್ರಿಲ್-ಮೇ ತಿಂಗಳ ಕಂತಿಗೆ ಮಾರ್ಚ್ ಹೊತ್ತಿಗೇ ದುಡ್ಡು ತೆಗೆದಿಡಬೇಕು.

ಆದರೂ ತಪ್ಪುವ ಲಕ್ಷಣ ಕಂಡರೆ ಬ್ಯಾಂಕಿನವರ ಫೋನ್ ಎತ್ತದೆ ಕೂರುವುದು ದಡ್ಡತನ. ಬಾಕಿ 90 ದಿನ ದಾಟಿತೆಂದರೆ ಖಾತೆ ಎನ್‌ಪಿಎ ಆಗುತ್ತದೆ, ಆಮೇಲೆ ಮ್ಯಾನೇಜರ್ ಮನಸ್ಸು ಮಾಡಿದರೂ ಅವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಮೊದಲ ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ, ಅತಿಥಿ ಶಿಕ್ಷಕರಾಗಿರುವುದಕ್ಕೆ ಮುಖ್ಯ ಶಿಕ್ಷಕರ ಪತ್ರವನ್ನೂ ಆರು ತಿಂಗಳ ಪಾಸ್‌ಬುಕ್ ಪ್ರತಿಯನ್ನೂ ಇಟ್ಟು, ಅವಧಿಯನ್ನು ಏಳು ವರ್ಷದಿಂದ ಹತ್ತಕ್ಕೆ ಏರಿಸಿ ಕಂತು ಇಳಿಸಿಕೊಡಿ ಎಂದು ಅರ್ಜಿ ಕೊಡಿ. ನಮ್ಮ ಲೆಕ್ಕದಲ್ಲಿ 4,257 ಇದ್ದದ್ದು 3,407 ಆಗುತ್ತದೆ. ಅರ್ಜಿಯ ಇನ್ನೊಂದು ಪ್ರತಿಗೆ ತಾರೀಖಿನ ಸಮೇತ ಶಾಖೆಯ ಮೊಹರು ಹಾಕಿಸಿಕೊಂಡು ಬನ್ನಿ.